ಸಾಂ ದೆನಿ ಮಠದ ಇಗರ್ಜಿ ಕಟ್ಟಿಸಿದ ಮಠಾಧಿಪತಿ ಸುಜೆ

ಫ್ರಾನ್ಸಿನ ಪ್ಯಾರಿಸ್ ನಗರದ ಉತ್ತರಕ್ಕೆ, ನಗರಕ್ಕೆ ತಾಗಿಕೊಂಡಂತೆ ಸಾಂ ದೆನಿ ಎಂಬ ಊರಿದೆ. ಪ್ಯಾರಿಸಿನ ಮೊದಲ ಧರ್ಮಾಧ್ಯಕ್ಷರೂ ರಕ್ತಸಾಕ್ಷಿಯೂ ಆದ ಸಂತ ಡೆನಿಸರ ಸಮಾಧಿ ಇರುವ ಊರದು. ಆ ಸಮಾಧಿಯ ಮೇಲೆ ಬೆಳೆದ ಬೆನೆಡಿಕ್ಟೈನ್ ಮಠದ ಇಗರ್ಜಿ ಫ್ರಾನ್ಸಿನ ರಾಜರ ಸಮಾಧಿಸ್ಥಳವೂ ಹೌದು. ಜಗತ್ತಿನ ಇಗರ್ಜಿಗಳ ರೂಪವನ್ನೇ ಬದಲಿಸಿದ ಗಾಥಿಕ್ ಶೈಲಿ ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಇಲ್ಲಿ. ಅದಕ್ಕೆ ಕಾರಣರಾದವರು ಮಠಾಧಿಪತಿ ಸುಜೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನು ನೋಡಿದವರು ಸುಜೆಯವರ ಹೆಸರು ಕೇಳದಿದ್ದರೂ ಅವರು ತೊಡಗಿಸಿದ ಶೈಲಿಯನ್ನು ಕಂಡಿದ್ದಾರೆ.

ಸುಜೆ ಹುಟ್ಟಿದ್ದು 1081ರ ಸುಮಾರಿಗೆ, ದೊಡ್ಡ ಮನೆತನದಲ್ಲಲ್ಲ. ಸುಮಾರು 10 ವರ್ಷದ ಬಾಲಕನನ್ನು ತಂದೆ ಈ ಮಠಕ್ಕೆ ಒಪ್ಪಿಸಿದರು. ಮುಂದೆ 6ನೇ ಲೂಯಿ ಎಂಬ ಹೆಸರಿನಲ್ಲಿ ರಾಜನಾದ ರಾಜಕುಮಾರ ಮಠದಲ್ಲಿ ಅವರ ಜತೆಗೇ ಕಲಿತವನು. ಆ ಸ್ನೇಹ ಕೊನೆಯವರೆಗೂ ಉಳಿಯಿತು. ಸುಜೆ ಗಿಡ್ಡ ಆಳು, ಸಣಕಲು ದೇಹ; ಆದರೆ ಲೆಕ್ಕಪತ್ರ, ಕಾನೂನು, ಮಾತು ಮೂರರಲ್ಲೂ ಗಟ್ಟಿಗರು. ರಾಜನ ಪರವಾಗಿ ಇಟಲಿಗೆ ಹೋಗಿ ಮರಳುತ್ತಿದ್ದಾಗಲೇ, 1122ರಲ್ಲಿ, ತಾವು ಮಠಾಧಿಪತಿಯಾಗಿ ಆಯ್ಕೆಯಾದ ಸುದ್ದಿ ಅವರಿಗೆ ದಾರಿಯಲ್ಲಿ ತಲುಪಿತು.

ಬಾಲ್ಯದಿಂದಲೂ ಅವರು ಕಂಡ ಒಂದು ತೊಂದರೆಯಿತ್ತು. ಮಠದ ಇಗರ್ಜಿ ಹಳತು, ಇಕ್ಕಟ್ಟು. ಹಬ್ಬದ ದಿನ ಸಂತರ ಪವಿತ್ರ ಅವಶೇಷಗಳನ್ನು ಮುಟ್ಟಿ ನಮಸ್ಕರಿಸಲು ಜನ ನುಗ್ಗುತ್ತಿದ್ದರು. ಒಳಗೆ ಬಂದವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಹೆಂಗಸರು ಉಸಿರು ಕಟ್ಟಿ ಚೀರುತ್ತಿದ್ದರು. ಕೆಲವರನ್ನು ಜನರ ತಲೆಯ ಮೇಲಿಂದಲೇ ಸಾಗಿಸಬೇಕಾಗುತ್ತಿತ್ತು. ಅವಶೇಷಗಳನ್ನು ಹಿಡಿದು ನಿಂತ ಮಠವಾಸಿಗಳು ಕಿಟಕಿಯಿಂದ ಹಾರಿ ಪಾರಾದದ್ದೂ ಉಂಟು. ಇದನ್ನು ಬರೆದಿಟ್ಟವರು ಸ್ವತಃ ಸುಜೆ. ಗಾಥಿಕ್ ಶೈಲಿಯ ಬಗ್ಗೆ ದೊಡ್ಡ ದೊಡ್ಡ ತತ್ವಗಳನ್ನು ಹೇಳುವವರಿದ್ದಾರೆ. ಆದರೆ ಕೆಲಸ ಶುರುವಾದದ್ದು ಹಬ್ಬಕ್ಕೆ ಬಂದ ಬಡ ಭಕ್ತರ ನೂಕುನುಗ್ಗಲಿನಿಂದ ಎಂಬುದನ್ನು ಮರೆಯಬಾರದು.

ಆದರೂ ಅವರು ಕೂಡಲೇ ಕಲ್ಲು ತರಿಸಲಿಲ್ಲ. ಸುಮಾರು 15 ವರ್ಷ ಮಠದ ಹಣಕಾಸು ಮತ್ತು ಶಿಸ್ತನ್ನು ಸರಿಪಡಿಸಿದರು. ಪಾಳು ಬಿದ್ದ ಜಮೀನುಗಳಿಗೆ ಒಕ್ಕಲು ಕೂರಿಸಿದರು, ಸುತ್ತಲಿನ ಪಾಳೆಯಗಾರರು ನುಂಗಿದ್ದ ಆದಾಯವನ್ನು ಬಿಡಿಸಿಕೊಂಡರು. 1125ರಲ್ಲಿ ಊರ ಜನರನ್ನು ಒಂದು ಹಳೆಯ ಜೀತದ ಕಟ್ಟಿನಿಂದ ಬಿಡುಗಡೆ ಮಾಡಿದರು. ಜನ ಮಠದ ಹೆಬ್ಬಾಗಿಲಿನ ಕೆಲಸಕ್ಕೆ 200 ಪೌಂಡು ಕೊಟ್ಟರು. ಸಾಲ ಮಾಡಿ ಕಟ್ಟಡ ಎತ್ತುವವರಿಗಿಂತ ಇವರ ದಾರಿ ಬೇರೆ. ಅವರ ಬದುಕಿನಲ್ಲಿ ಕಲೆಯೂ ಇದೆ. 1129ರಲ್ಲಿ ಆರ್ಜಂತ್ಯೂಲ್ ಎಂಬಲ್ಲಿನ ಕನ್ಯಾಮಠ ತಮ್ಮ ಮಠದ ಆಸ್ತಿಯೆಂದು ವಾದಿಸಿ ಅಲ್ಲಿನ ಸಹೋದರಿಯರನ್ನು ಹೊರಗೆ ಕಳುಹಿಸಿದರು. ಆಗ ತೋರಿಸಿದ ಹಳೆಯ ದಾಖಲೆಗಳ ಬಗ್ಗೆ ಇತಿಹಾಸಕಾರರಿಗೆ ಸಂಶಯವಿದೆ.

ಹಳೆಯ ಇಗರ್ಜಿಯನ್ನು ಕೆಡವಬೇಕೇ, ಉಳಿಸಬೇಕೇ ಎಂಬ ಚರ್ಚೆ ನಮ್ಮ ಧರ್ಮಕೇಂದ್ರಗಳಲ್ಲೂ ನಡೆಯುವುದುಂಟು. ಸಾಂ ದೆನಿಯಲ್ಲಿ ಅದು ಇನ್ನೂ ಸೂಕ್ಷ್ಮ. ಹಳೆಯ ಗೋಡೆಗಳನ್ನು ಯೇಸುಸ್ವಾಮಿಯೇ ಬಂದು ಪ್ರತಿಷ್ಠಾಪಿಸಿದರೆಂಬ ನಂಬಿಕೆ ಜನರಲ್ಲಿತ್ತು. ಸುಜೆ ನಡುಭಾಗವನ್ನು ಹಾಗೆಯೇ ಬಿಟ್ಟು ಎರಡು ತುದಿಗಳಲ್ಲಿ ಕಟ್ಟಿಸಿದರು. ಮೊದಲು ಪಶ್ಚಿಮದ ಮುಂಭಾಗ. ಒಂದೇ ಬಾಗಿಲಿನ ನೂಕುನುಗ್ಗಲು ತಪ್ಪಲಿ ಎಂದು ಮೂರು ದೊಡ್ಡ ದ್ವಾರಗಳು, ನಡುವಿನ ದ್ವಾರದ ಮೇಲೆತ್ತರದಲ್ಲಿ ಗಾಲಿಯಾಕಾರದ ದುಂಡು ಕಿಟಕಿ. 1140ರ ಜೂನ್ 9ರಂದು ಈ ಭಾಗದ ಪ್ರತಿಷ್ಠೆ ನಡೆಯಿತು. ಮರುತಿಂಗಳೇ, ಜುಲೈ 14ರಂದು, ಪೂರ್ವದಲ್ಲಿ ಬಲಿಪೀಠದ ಭಾಗಕ್ಕೆ ಶಂಕುಸ್ಥಾಪನೆ.

ಕೆಲಸದ ಗುತ್ತಿಗೆಯನ್ನು ಯಾರಿಗೋ ವಹಿಸಿ ಅವರು ಸುಮ್ಮನೆ ಕೂತವರಲ್ಲ. ಕಂಬಗಳಿಗಾಗಿ ರೋಮಿನ ಹಳೆಯ ಸ್ನಾನಗೃಹಗಳ ಕಲ್ಲುಕಂಬಗಳನ್ನು ಹಡಗಿನಲ್ಲಿ ತರಿಸುವ ಯೋಚನೆಯನ್ನೂ ಮಾಡಿದ್ದರು. ಅಷ್ಟರಲ್ಲಿ ಹತ್ತಿರದ ಪೊಂತ್ವಾಸ್‌ನಲ್ಲೇ ಒಳ್ಳೆಯ ಕಲ್ಲಿನ ಗಣಿ ಸಿಕ್ಕಿತು. ಕಂಬಗಳನ್ನು ಗಣಿಯಿಂದ ಮೇಲೆಳೆಯಲು ಊರವರೂ ಗಣ್ಯರೂ ಒಟ್ಟಿಗೆ ತೋಳುಗಳಿಗೆ ಹಗ್ಗ ಕಟ್ಟಿಕೊಂಡರು. ಮಾಡಿಗೆ ದೊಡ್ಡ ತೊಲೆಗಳು ಬೇಕಾದಾಗ ಬಡಗಿಗಳು ಈ ಸೀಮೆಯಲ್ಲಿ ಅಂತಹ ಮರವೇ ಇಲ್ಲವೆಂದರು. ರಾತ್ರಿಯ ಪ್ರಾರ್ಥನೆ ಮುಗಿಸಿ ಮಲಗಿದ ಸುಜೆಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಅಳತೆ ಹಿಡಿದುಕೊಂಡು ಬಡಗಿಗಳೊಡನೆ ಕಾಡಿಗೆ ನಡೆದರು. ಮುಳ್ಳುಪೊದೆಗಳ ನಡುವೆ ನುಗ್ಗಿ ಹುಡುಕಿ ಮಧ್ಯಾಹ್ನ ದಾಟುವುದರೊಳಗೆ 12 ಮರಗಳನ್ನು ಗುರುತು ಹಾಕಿಸಿದರು. ಬೇಕಾದದ್ದು ಅಷ್ಟೇ.

ಬಲಿಪೀಠದ ಭಾಗ 3 ವರ್ಷ 3 ತಿಂಗಳಲ್ಲಿ ಎದ್ದಿತು. ಇಲ್ಲಿನ ಹೊಸತೇನು? ಹಿಂದಿನ ಕಾಲದ ಇಗರ್ಜಿಗಳಲ್ಲಿ ಭಾರವಾದ ಕಲ್ಲಿನ ಮಾಡನ್ನು ದಪ್ಪ ಗೋಡೆಗಳು ಹೊರುತ್ತಿದ್ದವು; ಕಿಟಕಿ ಸಣ್ಣದು, ಒಳಗೆ ಕತ್ತಲು. ಸಾಂ ದೆನಿಯ ಕಲ್ಲುಕುಟಿಗರು ಮಾಡಿನ ಕೆಳಗೆ ಪಕ್ಕೆಲುಬಿನಂತೆ ಕಲ್ಲಿನ ಪಟ್ಟಿಗಳನ್ನು ಹೊಂದಿಸಿದರು, ಕಮಾನುಗಳನ್ನು ಚೂಪಾಗಿ ಎತ್ತಿದರು. ಭಾರವೆಲ್ಲ ಪಟ್ಟಿಗಳ ಮೂಲಕ ಕಂಬಗಳಿಗೆ ಇಳಿಯಿತು. ಗೋಡೆಗೆ ಹೊರುವ ಕೆಲಸ ಕಡಿಮೆಯಾದ ಕಾರಣ ಅದರ ಜಾಗದಲ್ಲಿ ಬಣ್ಣದ ಗಾಜು ನಿಲ್ಲಿಸಲು ಸಾಧ್ಯವಾಯಿತು. ಬಲಿಪೀಠದ ಹಿಂದೆ ಭಕ್ತರು ಸುತ್ತು ಬರಲು ಎರಡು ಸಾಲಿನ ದಾರಿ, ಅದರಾಚೆ ಅರ್ಧವೃತ್ತದಲ್ಲಿ 7 ಕಿರು ಪ್ರಾರ್ಥನಾಲಯಗಳು. ಅವುಗಳ ನಡುವೆ ಅಡ್ಡಗೋಡೆಯಿಲ್ಲ, ಆದ್ದರಿಂದ ಕಿಟಕಿಗಳ ಬೆಳಕು ತಡೆಯಿಲ್ಲದೆ ಒಳಗೆ ಹರಿಯುತ್ತದೆ. ಚೂಪು ಕಮಾನೂ ಕಲ್ಲಿನ ಪಟ್ಟಿಯೂ ಬೇರೆಡೆ ಮೊದಲೇ ಇದ್ದವು. ಅವೆರಡನ್ನೂ ಬೆಳಕಿಗಾಗಿ ಹೀಗೆ ಒಟ್ಟುಗೂಡಿಸಿದ್ದು ಇಲ್ಲಿಯ ಸಾಧನೆ. ಇದನ್ನು ಲೆಕ್ಕ ಹಾಕಿ ನಿಲ್ಲಿಸಿದ ಮುಖ್ಯ ಶಿಲ್ಪಿಯ ಹೆಸರನ್ನು ಮಾತ್ರ ಸುಜೆ ಎಲ್ಲೂ ಬರೆಯಲಿಲ್ಲ. ತಮ್ಮ ಹೆಸರನ್ನು ಕಟ್ಟಡದ ಹಲವು ಕಡೆ ಕೆತ್ತಿಸಿದವರು ಇಷ್ಟು ಮಾಡಬಹುದಿತ್ತು.

1144ರ ಜೂನ್ 11ರಂದು ಪ್ರತಿಷ್ಠೆ. ರಾಜ 7ನೇ ಲೂಯಿ ಸಂತ ಡೆನಿಸರ ಅವಶೇಷಗಳ ಬೆಳ್ಳಿಯ ಪೆಟ್ಟಿಗೆಯನ್ನು ತಾನೇ ಹೊತ್ತನು. ಬಂದಿದ್ದ ಧರ್ಮಾಧ್ಯಕ್ಷರು 20 ಬಲಿಪೀಠಗಳನ್ನು ಒಂದೇ ದಿನ ಪ್ರತಿಷ್ಠಾಪಿಸಿದರು. ತಮ್ಮೂರಿಗೆ ಮರಳಿದ ಮೇಲೆ ಅವರಲ್ಲಿ ಹಲವರ ಪ್ರಧಾನಾಲಯಗಳೂ ಇದೇ ಶೈಲಿಯಲ್ಲಿ ಎದ್ದವು.

ಎಲ್ಲರೂ ಮೆಚ್ಚಲಿಲ್ಲ. ಅದೇ ಕಾಲದ ಸಂತ ಬರ್ನಾರ್ಡರು, ಮಠಗಳ ಇಗರ್ಜಿಗಳಲ್ಲಿ ಚಿನ್ನ ಹೊಳೆಯುವಾಗ ಬಾಗಿಲಲ್ಲಿ ಬಡವರು ಹಸಿದಿರುವುದನ್ನು ಕಟುವಾಗಿ ಟೀಕಿಸಿದ್ದರು. ಸುಜೆಯವರ ಉತ್ತರ, ಪರಮ ಪ್ರಸಾದ ಸ್ವೀಕರಿಸಲು ಶುದ್ಧ ಹೃದಯವೇ ಮುಖ್ಯ, ಆದರೆ ಹೊರಗಿನ ಪಾತ್ರೆಯೂ ಕೈಲಾದಷ್ಟು ಶ್ರೇಷ್ಠವಾಗಿರಲಿ ಎಂಬ ಧಾಟಿಯದು. ಕಣ್ಣಿಗೆ ಕಾಣುವ ಬೆಳಕು ಮನಸ್ಸನ್ನು ನಿಜವಾದ ಬೆಳಕಾದ ಕ್ರಿಸ್ತರ ಕಡೆಗೆ ಏರಿಸುತ್ತದೆ ಎಂಬುದು ಅವರ ನಂಬಿಕೆ. ಬರ್ನಾರ್ಡರ ಪ್ರಶ್ನೆಗೆ ಇದು ಪೂರ್ತಿ ಉತ್ತರವೆಂದು ನನಗೆ ಅನ್ನಿಸುವುದಿಲ್ಲ. ಇಗರ್ಜಿ ಕಟ್ಟುವ ಪ್ರತಿಯೊಂದು ಸಮಿತಿಯ ಮುಂದೆ ಆ ಪ್ರಶ್ನೆ ಮತ್ತೆ ಬರುತ್ತದೆ. ಆದರೆ ಒಂದನ್ನು ಒಪ್ಪಬೇಕು. ಅಷ್ಟೆಲ್ಲ ಕಟ್ಟಿಸಿದ ಸುಜೆ ತಮಗಾಗಿ ಇಟ್ಟುಕೊಂಡದ್ದು ಸುಮಾರು 10 ಅಡಿ ಅಗಲ, 15 ಅಡಿ ಉದ್ದದ ಕೋಣೆ. ಮಲಗುತ್ತಿದ್ದುದು ಹುಲ್ಲಿನ ಮೇಲೆ, ಒರಟು ಉಣ್ಣೆಯ ಹೊದಿಕೆಯಲ್ಲಿ. ಮಠದ ಶಿಸ್ತನ್ನು ಸರಿಪಡಿಸಿದ್ದಕ್ಕಾಗಿ 1127ರ ಹೊತ್ತಿಗೆ ಬರ್ನಾರ್ಡರೇ ಅವರನ್ನು ಅಭಿನಂದಿಸಿ ಪತ್ರ ಬರೆದಿದ್ದರು.

1147ರಲ್ಲಿ ರಾಜ ಧರ್ಮಯುದ್ಧಕ್ಕೆ ಹೊರಟಾಗ ರಾಜ್ಯದ ಹೊಣೆ ಸುಜೆಯವರ ಮೇಲೆ ಬಿತ್ತು. ರಾಜ 1149ರಲ್ಲಿ ಮರಳುವವರೆಗೆ ಅವರು ದೇಶವನ್ನು ಶಾಂತವಾಗಿ ಉಳಿಸಿದರು. 1151ರ ಜನವರಿ 13ರಂದು ದೈವಾಧೀನರಾದರು. ಉಳಿಸಿದ್ದ ಹಳೆಯ ನಡುಭಾಗವನ್ನೂ ಹೊಸದಾಗಿ ಕಟ್ಟುವ ಅವರ ಆಸೆ ಆಗ ಕೈಗೂಡಲಿಲ್ಲ. 1231ರ ನಂತರ ಬೇರೆಯವರು ಆ ಕೆಲಸ ಮಾಡಿದರು, ಸುಜೆ ಕಟ್ಟಿಸಿದ ಬಲಿಪೀಠದ ಮೇಲ್ಭಾಗವನ್ನೂ ಬದಲಿಸಿದರು. ಫ್ರೆಂಚ್ ಕ್ರಾಂತಿಯಲ್ಲಿ ಮಠವಾಸಿಗಳು ಚದುರಿದರು, 1793ರಲ್ಲಿ ರಾಜರ ಸಮಾಧಿಗಳನ್ನು ಅಗೆದು ಹಾಕಲಾಯಿತು. ಇಗರ್ಜಿ ಉಳಿಯಿತು. 1966ರಿಂದ ಅದು ಸಾಂ ದೆನಿ ಧರ್ಮಪ್ರಾಂತ್ಯದ ಪ್ರಧಾನಾಲಯ.

ಸುತ್ತುದಾರಿ ಮತ್ತು ಕಿರು ಪ್ರಾರ್ಥನಾಲಯಗಳು ಇಂದಿಗೂ ಸುಜೆಯವರ ಕಾಲದವೇ. ಅಲ್ಲಿನ ಒಂದು ಗಾಜಿನ ಕಿಟಕಿಯಲ್ಲಿ ದೇವದೂತ ಗಬ್ರಿಯೇಲರು ಮಾತೆ ಮರಿಯಮ್ಮನವರಿಗೆ ಶುಭಸಂದೇಶ ತಿಳಿಸುವ ಚಿತ್ರವಿದೆ. ಮಾತೆಯ ಪಾದದ ಬಳಿ ಗಿಡ್ಡ ಮಠವಾಸಿಯೊಬ್ಬರು ದಂಡ ಹಿಡಿದು ಬೋರಲಾಗಿ ಬಿದ್ದಿದ್ದಾರೆ. ಮೇಲೆ ಹೆಸರೂ ಇದೆ: ಸುಜೆ.