ಬೈಕ್ ಕಂಡರಾಗದವರು ಮಾಡಿದ ಸ್ಕೂಟರ್

ವೆಸ್ಪಾ ಸ್ಕೂಟರ್ ರೂಪಿಸಿದ ಕೊರಾಡಿನೊ ಡಿ'ಅಸ್ಕಾನಿಯೊ ಅವರಿಗೆ ಮೋಟಾರ್‌ಬೈಕ್ ಅಂದ್ರೆ ಆಗ್ತಾನೇ ಇರಲಿಲ್ಲ. 1891ರಲ್ಲಿ ಇಟಲಿಯ ಪೋಪೊಲಿಯಲ್ಲಿ ಹುಟ್ಟಿ, ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್ ಓದಿದ ಅವರ ಜೀವವೆಲ್ಲ ಹೆಲಿಕಾಪ್ಟರ್ ಮೇಲೆ. 1930ರಲ್ಲಿ ಅವರ ಹೆಲಿಕಾಪ್ಟರ್ ದಾಖಲೆ ಕೂಡ ಮಾಡಿತ್ತು.

ಎರಡನೇ ಮಹಾಯುದ್ಧದಲ್ಲಿ ಪಿಯಾಜಿಯೊ ವಿಮಾನ ಕಾರ್ಖಾನೆ ಬಾಂಬಿಗೆ ಹಾಳಾಯ್ತು. ಮಾಲೀಕ ಎನ್ರಿಕೊ ಪಿಯಾಜಿಯೊಗೆ ಜನ ಓಡಾಡೋಕೆ ಅಗ್ಗದ ಗಾಡಿಯೊಂದು ಬೇಕಿತ್ತು. ಬೈಕಿನಲ್ಲಿ ತಮಗೆ ಕಿರಿಕಿರಿ ಅನಿಸಿದ್ದನ್ನೆಲ್ಲ ಡಿ'ಅಸ್ಕಾನಿಯೊ ತೆಗೆದುಹಾಕಿದರು. ಕಾಲೆತ್ತಿ ಹತ್ತುವುದು ಬೇಡ ಅಂತ ಮುಂದೆ ಜಾಗ ಬಿಟ್ಟರು. ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತೆ ಅಂತ ಚೈನನ್ನೇ ಕೈಬಿಟ್ಟು, ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕದಲ್ಲಿಟ್ಟು ಮುಚ್ಚಿದರು. ಗೇರ್ ಕೈಗೆ ಬಂತು. ನಮಗೆ ಬಹಳ ಇಷ್ಟವಾದದ್ದು ಮುಂದಿನ ಚಕ್ರ: ಪಂಕ್ಚರ್ ಆದರೆ ಸುಲಭವಾಗಿ ಬಿಚ್ಚಲಿ ಅಂತ ವಿಮಾನದ ಚಕ್ರದ ಹಾಗೆ ಒಂದೇ ಬದಿಯಿಂದ ಕೂರಿಸಿದ್ದರು!

1946ರಲ್ಲಿ 98 ಸಿಸಿ ವೆಸ್ಪಾ ಬಂತು. ನಮ್ಮ ಅಪ್ಪಂದಿರ ಬಜಾಜ್ ಚೇತಕ್ ಕೂಡ ಅದೇ ವಂಶದ್ದು.

ಇಷ್ಟಾದರೂ ಅವರ ಮನಸ್ಸು ಸ್ಕೂಟರಿನಲ್ಲಿ ನಿಲ್ಲಲಿಲ್ಲ. ಮತ್ತೆ ಹೆಲಿಕಾಪ್ಟರ್ ಕೆಲಸಕ್ಕೇ ಹೋದರು. ವೆಸ್ಪಾದ ಹಾಗೆ ಅವರ ಹೆಲಿಕಾಪ್ಟರ್ ಯಾವುದೂ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬರಲಿಲ್ಲ. 1981ರಲ್ಲಿ ಪೀಸಾದಲ್ಲಿ ತೀರಿಕೊಂಡರು.