ಪತ್ತೇದಾರಿ ಪುಸ್ತಕಗಳ ಬೆನ್ನು ಹತ್ತಿದ ಗ್ರಹಾಂ ಗ್ರೀನ್

ಇಪ್ಪತ್ತನೆಯ ಶತಮಾನದ ಕಥೋಲಿಕ ಲೇಖಕರಲ್ಲಿ ಗ್ರಹಾಂ ಗ್ರೀನ್ ಅವರದು ದೊಡ್ಡ ಹೆಸರು. ಮೈಸೂರಿನ ಆರ್. ಕೆ. ನಾರಾಯಣ್ ಅವರ ಪ್ರಥಮ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಲು ಕಾರಣರಾದವರೆಂದು ಕನ್ನಡ ನಾಡು ಇವರನ್ನು ಬಲ್ಲದು. ಇವರು ಪತ್ತೇದಾರಿ ಕಾದಂಬರಿಗಳ ಪ್ರಥಮ ಮುದ್ರಣಗಳ ಸಂಗ್ರಾಹಕರೂ ಆಗಿದ್ದರು.

1904ರಲ್ಲಿ ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ ಜನಿಸಿದ ಗ್ರೀನ್, ತಾವು ವರಿಸಲಿದ್ದ ವಿವಿಯನ್ ಅವರ ವಿಶ್ವಾಸವನ್ನು ಅರಿಯಲೆಂದು ಗುರುಗಳೊಬ್ಬರ ಬಳಿಗೆ ಹೋದರು. ವಾದಿಸುತ್ತಲೇ ವಿಶ್ವಾಸಿಯಾದರು. 1926ರಲ್ಲಿ ದೀಕ್ಷಾಸ್ನಾನ ಪಡೆದಾಗ ಅವರು ಆರಿಸಿಕೊಂಡದ್ದು ಸಂದೇಹಪಟ್ಟು ನಂಬಿದ ಸಂತ ತೋಮಸರ ಹೆಸರನ್ನು.

ವಿಕ್ಟೋರಿಯಾ ರಾಣಿಯ ಕಾಲದ ಪತ್ತೇದಾರಿ ಕಥೆಗಳು ಬಹುಪಾಲು ಅಗ್ಗದ ಪುಸ್ತಕಗಳಾಗಿದ್ದವು. ರೈಲು ನಿಲ್ದಾಣದಲ್ಲಿ ಕೊಂಡು ಓದಿ ಎಸೆದವರೇ ಹೆಚ್ಚು. ಆದುದರಿಂದಲೇ ಮೊದಲ ಮುದ್ರಣದ ಪ್ರತಿಗಳು ದುರ್ಲಭ. ಈ ಪ್ರಕಾರದ ಮೇರುಕೃತಿಯಾದ, 1868ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ವಿಲ್ಕೀ ಕಾಲಿನ್ಸರ ‘ದಿ ಮೂನ್‌ಸ್ಟೋನ್’ ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದ 1799ರ ಲೂಟಿಯಿಂದ. ಗ್ರೀನ್ ಹಳೆಯ ಪುಸ್ತಕದಂಗಡಿಗಳನ್ನು ಶೋಧಿಸಿ ಕೂಡಿಸಿದ ಸಂಗ್ರಹದ ಸೂಚಿಯೇ 1966ರಲ್ಲಿ ಗ್ರಂಥವಾಗಿ ಪ್ರಕಟವಾಯಿತು.

ಆ ಗ್ರಂಥದ ಮೇಲೆ ಅವರ ಹೆಸರಿನೊಡನೆ ಇರುವುದು ಚಿತ್ರಕಲಾವಿದೆ ಡೊರೊಥಿ ಗ್ಲೋವರ್ ಅವರ ಹೆಸರು. ಗ್ರೀನ್ ಪತ್ನಿಯಿಂದ ದೂರವಾಗಿದ್ದರು; ಡೊರೊಥಿಯವರೊಡನೆ ಅವರದು ಕೇವಲ ಪುಸ್ತಕದ ನಂಟಾಗಿರಲಿಲ್ಲ. ಇದನ್ನು ನಾವು ಮರೆಮಾಚಬೇಕಾಗಿಲ್ಲ. ತಮ್ಮ ಪಾಪವನ್ನು ಅವರು ಪುಣ್ಯವೆಂದು ಕರೆದುಕೊಳ್ಳಲಿಲ್ಲ.

1940ರ ‘ದಿ ಪವರ್ ಅಂಡ್ ದ ಗ್ಲೋರಿ’ಯಲ್ಲಿಯೂ ಒಂದು ಬೆನ್ನಟ್ಟುವಿಕೆಯಿದೆ. ಮೆಕ್ಸಿಕೋದಲ್ಲಿ ಪೊಲೀಸರು ಹುಡುಕುತ್ತಿರುವ ಮದ್ಯವ್ಯಸನಿ ಗುರು, ತಪ್ಪಿಸಿಕೊಂಡ ಮೇಲೂ, ಸಾಯುತ್ತಿರುವ ಒಬ್ಬ ಅಪರಾಧಿಯ ಪಾಪನಿವೇದನೆಗಾಗಿ ಹಿಂತಿರುಗಿ ಸೆರೆಯಾಗುತ್ತಾನೆ. ಪೊಲೀಸರಿಗಿಂತ ಮೊದಲು ದೇವರ ಕೃಪೆ ಅವನನ್ನು ಪತ್ತೆಹಚ್ಚಿರುತ್ತದೆ. ಈ ಕೃತಿಯನ್ನು ರೋಮಿನ ಧರ್ಮಪೀಠದ ಕಚೇರಿ 1953ರಲ್ಲಿ ಆಕ್ಷೇಪಿಸಿತು. ಆದರೆ 1965ರಲ್ಲಿ ಪೋಪ್ ಆರನೆಯ ಪೌಲರು ಅದನ್ನು ತಾವು ಓದಿರುವುದಾಗಿ ತಿಳಿಸಿ, ಟೀಕೆಗೆ ಎದೆಗುಂದದಿರುವಂತೆ ಗ್ರೀನ್ ಅವರಿಗೆ ಹೇಳಿದರು. 1991ರ ಏಪ್ರಿಲ್ 3ರಂದು ಸ್ವಿಟ್ಜರ್ಲೆಂಡಿನಲ್ಲಿ, ಗೆಳೆಯರಾದ ಗುರುವೊಬ್ಬರಿಂದ ಅಂತ್ಯ ಸಂಸ್ಕಾರಗಳನ್ನು ಪಡೆದು ಗ್ರೀನ್ ಕಣ್ಮುಚ್ಚಿದರು.

ಇತರರು ಎಸೆದ ಪುಸ್ತಕವನ್ನು ಅಮೂಲ್ಯವೆಂದು ಎತ್ತಿಕೊಂಡವರು ಗ್ರೀನ್. ಎಸೆಯಲ್ಪಟ್ಟ ಮನುಷ್ಯನನ್ನು ದೇವರೂ ಹಾಗೆಯೇ ಎತ್ತಿಕೊಳ್ಳುವರೆಂದು ಅವರ ಕೃತಿಗಳು ಸಾರುತ್ತವೆ. ಹಾಸನ, ಅರಕಲಗೂಡುಗಳ ನಮ್ಮ ಮನೆಗಳಲ್ಲಿಯೂ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಜಪದ ಪುಸ್ತಕಗಳಿದ್ದರೆ, ರದ್ದಿಗೆ ಹಾಕುವ ಮೊದಲು ಅದರ ಮೊದಲ ಪುಟವನ್ನೊಮ್ಮೆ ತೆರೆದು ನೋಡೋಣ.