ಬಣ್ಣಗಳ ಬೆನ್ನುಹತ್ತಿದ ವೈದ್ಯ: ಪಾಲ್ ಏರ್ಲಿಕ್

ಸೈಲೀಸಿಯಾ ಪ್ರಾಂತದಲ್ಲಿ ಸ್ಟ್ರೇಲೆನ್ ಎಂಬುದೊಂದು ಚಿಕ್ಕ ಊರು. ಅಂದು ಅದು ಜರ್ಮನರ ಪ್ರಶಿಯಾ ರಾಜ್ಯಕ್ಕೆ ಸೇರಿದ್ದಿತು. ಈಗ ಪೋಲೆಂಡಿಗೆ ಸೇರಿದೆ. ಆ ಊರಿನ ಒಂದು ಯೆಹೂದಿ ಮನೆತನದಲ್ಲಿ 1854ನೆಯ ಇಸವಿಯ ಮಾರ್ಚ್ 14ರಂದು ಪಾಲ್ ಏರ್ಲಿಕ್ ಜನಿಸಿದನು. ಶಾಲೆಯಲ್ಲಿ ಆತನಿಗೆ ಗಣಿತವೂ ಲ್ಯಾಟಿನ್ ಭಾಷೆಯೂ ಪ್ರಿಯವಾಗಿದ್ದವು. ಪ್ರಬಂಧ ಬರೆಯುವುದೆಂದರೆ ಮಾತ್ರ ತಲೆನೋವು. ಬದುಕು ಒಂದು ಕನಸು ಎಂಬ ವಿಷಯವನ್ನು ಪರೀಕ್ಷೆಯಲ್ಲಿ ಕೊಟ್ಟಾಗ ಈ ಹುಡುಗನು ಬದುಕೆಂದರೆ ದೇಹದೊಳಗೆ ನಡೆಯುವ ಒಂದು ಬಗೆಯ ದಹನಕ್ರಿಯೆ, ಕನಸೆಂದರೆ ಮಿದುಳಿನ ಮಿನುಗು ಎಂದು ಬರೆದು ಗುರುಗಳ ಸಿಟ್ಟಿಗೆ ಗುರಿಯಾದನೆಂದು ಹೇಳುವರು. ಪ್ರಬಂಧಗಳನ್ನು ತಿದ್ದುವ ಕಾಯಕದ ನಮಗೆ ಈ ಕಥೆಯನ್ನು ಓದಿದಾಗಲೆಲ್ಲ ಕೆಂಪು ಶಾಯಿಯ ಲೇಖನಿಯನ್ನು ಒಂದು ಗಳಿಗೆ ಕೆಳಗಿಡಬೇಕೆನಿಸುತ್ತದೆ.

ಏರ್ಲಿಕನ ಸೋದರಸಂಬಂಧಿ ಕಾರ್ಲ್ ವೈಗರ್ಟ್ ಎಂಬಾತನು ವೈದ್ಯನಾಗಿದ್ದನು. ಅಂಗಾಂಶಗಳ ತೆಳುವಾದ ಚೂರುಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಯನ್ನು ಏರ್ಲಿಕನು ಇವನಿಂದ ಕಲಿತನು. ಕಲ್ಲಿದ್ದಲ ಡಾಂಬರಿನಿಂದ ಹೊಸ ಹೊಸ ಬಣ್ಣಗಳನ್ನು ತಯಾರಿಸುವ ಉದ್ಯಮವು ಆಗ ಜರ್ಮನಿಯಲ್ಲಿ ಭರದಿಂದ ಬೆಳೆಯುತ್ತಲಿದ್ದಿತು. ಬ್ರೆಸ್ಲೌ, ಸ್ಟ್ರಾಸ್‌ಬುರ್ಗ್, ಫ್ರೈಬುರ್ಗ್, ಲೈಪ್‌ಸಿಗ್ ಎಂದು ನಾಲ್ಕು ವಿಶ್ವವಿದ್ಯಾಲಯಗಳನ್ನು ಸುತ್ತಿದ ಈ ವಿದ್ಯಾರ್ಥಿಯ ಕೈಬೆರಳುಗಳು ಸದಾ ನೀಲಿ, ಕೆಂಪು, ಹಳದಿಗಳಿಂದ ಕಲೆಗೊಂಡಿರುತ್ತಿದ್ದವು. 1878ರಲ್ಲಿ ಆತನು ವೈದ್ಯಪದವಿಗಾಗಿ ಬರೆದ ಪ್ರೌಢಪ್ರಬಂಧದ ವಿಷಯವೂ ಬಣ್ಣಗಳೇ.

ಇದರಲ್ಲಿ ಅಷ್ಟು ಹುಚ್ಚು ಹಿಡಿಸುವಂಥದೇನಿದ್ದಿತು ಎಂದು ನೀವು ಕೇಳಬಹುದು. ಒಂದೇ ಚೂರಿನ ಮೇಲೆ ಒಂದು ಬಣ್ಣವನ್ನು ಸುರಿದರೆ ಅದು ಎಲ್ಲ ಜೀವಕೋಶಗಳಿಗೂ ಸಮನಾಗಿ ಅಂಟುವುದಿಲ್ಲ. ಒಂದು ಬಣ್ಣವು ಒಂದು ಜಾತಿಯ ಕೋಶವನ್ನು ಆರಿಸಿಕೊಳ್ಳುತ್ತದೆ. ಪಕ್ಕದ ಕೋಶವನ್ನು ಮುಟ್ಟದೆ ಬಿಡುತ್ತದೆ. ಏಕೆ? ಆ ಕೋಶದಲ್ಲಿ ಈ ಬಣ್ಣವನ್ನು ಹಿಡಿಯುವಂಥ ಏನೋ ಒಂದು ಇರಬೇಕು. ಏರ್ಲಿಕನ ಬಾಳೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿತೆಂದರೆ ತಪ್ಪಾಗದು. ರಕ್ತದ ಬಿಳಿಯ ಕಣಗಳಲ್ಲಿ ಹಲವು ಜಾತಿಗಳುಂಟೆಂದು ಬಣ್ಣಗಳಿಂದಲೇ ತೋರಿಸಿಕೊಟ್ಟವನು ಆತನು.

ಪದವಿ ಪಡೆದ ಬಳಿಕ ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯಲ್ಲಿ ಕೆಲಸ ದೊರೆಯಿತು. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಎಂಬ ಮಹಾವಿಜ್ಞಾನಿಯು ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದುದಾಗಿ ಸಾರಿದ ಸಭೆಯಲ್ಲಿ ಏರ್ಲಿಕನೂ ಇದ್ದನು. ಆ ಕ್ರಿಮಿಗೆ ಬಣ್ಣ ಹಚ್ಚುವ ಇನ್ನೂ ಸುಲಭವಾದ ಮಾರ್ಗವನ್ನು ಆತನು ಬಲುಬೇಗ ಕಂಡುಕೊಂಡನು. ಬಣ್ಣ ಹಚ್ಚಿದ ಗಾಜಿನ ಪಟ್ಟಿಗಳನ್ನು ಒಣಗಲೆಂದು ಆರಿದ ಒಲೆಯ ಮೇಲಿಟ್ಟಿದ್ದನಂತೆ. ಮನೆಗೆಲಸದಾಕೆಯು ಅರಿಯದೆ ಬೆಳಗ್ಗೆ ಒಲೆ ಹೊತ್ತಿಸಿದಳಂತೆ. ಆ ಶಾಖದಿಂದಲೇ ಬಣ್ಣ ಗಟ್ಟಿಯಾಗಿ ನಿಂತಿತಂತೆ. ಆದರೆ ಕ್ರಿಮಿಗಳೊಡನೆ ಆಡುವವನನ್ನು ಕ್ರಿಮಿಗಳು ಸುಮ್ಮನೆ ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಆತನಿಗೇ ಕ್ಷಯವು ತಗುಲಿತು. 1883ರಲ್ಲಿ ಮದುವೆಯಾಗಿದ್ದ ಪತ್ನಿ ಹೆಡ್ವಿಗಳೊಡನೆ ಈಜಿಪ್ಟಿನ ಒಣ ಹವೆಗೆ ಹೋಗಿ ನೆಲಸಿ, ಗುಣಹೊಂದಿ ಹಿಂತಿರುಗಿದನು.

ಹಿಂತಿರುಗಿದವನನ್ನು ಕಾಖ್ ತನ್ನ ಸಂಸ್ಥೆಗೆ ಕರೆದುಕೊಂಡನು. ಅಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಎಂಬುವರು 1890ರಲ್ಲಿ ಒಂದು ಹೊಸ ಸಂಗತಿಯನ್ನು ಕಂಡಿದ್ದರು. ಗಂಟಲುಮಾರಿಯ ಅಥವಾ ಧನುರ್ವಾಯುವಿನ ವಿಷವನ್ನು ಪ್ರಾಣಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಅದರ ರಕ್ತದಲ್ಲಿ ಆ ವಿಷವನ್ನು ಮುರಿಯುವ ಪ್ರತಿವಿಷ ಹುಟ್ಟುತ್ತದೆ. ಆ ರಕ್ತದ ತಿಳಿಯು ರೋಗಿಯನ್ನು ಬದುಕಿಸಬಲ್ಲುದು. ಗಂಟಲುಮಾರಿಯೆಂದರೆ ಆಗ ಮಕ್ಕಳ ಪಾಲಿನ ಮೃತ್ಯುವೇ ಸರಿ. ಉಸಿರುಗಟ್ಟಿ ಸಾಯುವ ಮಕ್ಕಳನ್ನು ನೋಡುತ್ತ ತಾಯಂದಿರು ಕುಳಿತಿರಬೇಕಾಗಿದ್ದಿತು. ಆದರೆ ಒಂದು ಸೀಸೆಯಲ್ಲಿನ ಔಷಧಕ್ಕೆ ಶಕ್ತಿಯಿದ್ದರೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಅದನ್ನು ಅಳೆಯುವ ಮಾನವನ್ನು ಗೊತ್ತುಪಡಿಸಿ, ಎಲ್ಲ ಸೀಸೆಗಳೂ ಒಂದೇ ಅಳತೆಗೆ ಬರುವಂತೆ ಮಾಡಿದವನು ಏರ್ಲಿಕ್. 1901ರ ಮೊತ್ತಮೊದಲ ವೈದ್ಯಕೀಯ ನೊಬೆಲ್ ಬಹುಮಾನವು ಬೇರಿಂಗನೊಬ್ಬನಿಗೇ ಸಂದಿತು. ಈ ಹಂಚಿಕೆಯಲ್ಲಿ ನ್ಯಾಯ ಪೂರ್ತಿಯಾಗಿ ನಡೆಯಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಅಳೆಯುತ್ತ ಅಳೆಯುತ್ತ ಏರ್ಲಿಕನು ಹಳೆಯ ಪ್ರಶ್ನೆಗೇ ಮರಳಿದನು. ವಿಷವು ಜೀವಕೋಶವನ್ನು ಹಿಡಿಯುವುದು ಹೇಗೆ? ಪ್ರತಿವಿಷವು ಹುಟ್ಟುವುದು ಎಲ್ಲಿಂದ? 1897ರಲ್ಲಿ ಆತನು ಒಂದು ಚಿತ್ರವನ್ನು ಮುಂದಿಟ್ಟನು. ಜೀವಕೋಶದ ಮೈಮೇಲೆ ಪುಟ್ಟ ಕೈಗಳಂತಹ ಚಾಚುಗಳಿವೆ. ಬೀಗಕ್ಕೆ ಬೀಗದಕೈ ಹೊಂದುವಂತೆ ಒಂದೊಂದು ಕೈಗೆ ಒಂದೊಂದು ವಸ್ತು ಹೊಂದುತ್ತದೆ. ವಿಷವು ಬಂದು ಒಂದು ಬಗೆಯ ಕೈಗಳನ್ನು ಆಕ್ರಮಿಸಿದರೆ ಕೋಶವು ಅಂತಹವೇ ಕೈಗಳನ್ನು ಮತ್ತೆ ಮತ್ತೆ ಬೆಳೆಸುತ್ತದೆ. ಅತಿಯಾಗಿ ಬೆಳೆದುವು ಕಳಚಿ ರಕ್ತಕ್ಕೆ ಬೀಳುತ್ತವೆ. ಹಾಗೆ ರಕ್ತದಲ್ಲಿ ತೇಲುವ ಕೈಗಳೇ ಪ್ರತಿವಿಷ, ಇಂದಿನ ಮಾತಿನಲ್ಲಿ ಪ್ರತಿಕಾಯ. ಕೋಶದ ಈ ಕೈಗಳಿಗೆ ಕೆಲಕಾಲದಲ್ಲಿಯೇ ರಿಸೆಪ್ಟರ್ ಎಂಬ ಹೆಸರು ಬಂದಿತು. ಕನ್ನಡದಲ್ಲಿ ಅದನ್ನು ಗ್ರಾಹಕ ಎನ್ನುತ್ತೇವೆ. ನಮ್ಮ ಮುಂಬಯಿಯ ಅಂಗಡಿಗಳ ಮುಂದೆ ಗ್ರಾಹಕನೆಂದರೆ ಗಿರಾಕಿ. ಇಲ್ಲಿ ಹಿಡಿದುಕೊಳ್ಳುವಂಥದು ಎಂಬ ಮೂಲಾರ್ಥವನ್ನೇ ಗ್ರಹಿಸಬೇಕು.

ಒಂದು ಕೋಶದ ಮೇಲೆಯೇ ಎಲ್ಲ ಬಗೆಯ ಕೈಗಳೂ ಇರುತ್ತವೆಂದು ಆತನು ತಿಳಿದದ್ದು ಸರಿಯಲ್ಲ. ಒಂದೊಂದು ಬಿ ಕೋಶಕ್ಕೂ ಒಂದೇ ಬಗೆಯ ಗ್ರಾಹಕವೆಂದು ಈಗ ನಾವು ಬಲ್ಲೆವು. ಆದರೆ ಬಿ ಕೋಶದ ಮೇಲಿರುವ ಗ್ರಾಹಕವೂ ಅದು ರಕ್ತಕ್ಕೆ ಬಿಡುವ ಪ್ರತಿಕಾಯವೂ ಮೂಲತಃ ಒಂದೇ ಎಂಬ ಮುಖ್ಯ ಮಾತನ್ನು, ಒಂದನ್ನೂ ಕಣ್ಣಿಂದ ಕಾಣದೆ, ಆತನು ಹೇಳಿದ್ದನು.

1899ರಲ್ಲಿ ಫ್ರಾಂಕ್‌ಫುರ್ಟಿನಲ್ಲಿ ಆತನಿಗಾಗಿ ಒಂದು ಸಂಸ್ಥೆ ಸಿದ್ಧವಾಯಿತು. ಅಲ್ಲಿ ಏರ್ಲಿಕನ ಕೋಣೆಗೆ ಹೋದವರಿಗೆ ಕುಳಿತುಕೊಳ್ಳಲು ಕುರ್ಚಿಯಿರುತ್ತಿರಲಿಲ್ಲ. ಕುರ್ಚಿಗಳ ಮೇಲೂ ನೆಲದ ಮೇಲೂ ಪುಸ್ತಕ, ಪತ್ರಿಕೆಗಳ ರಾಶಿ. ದಿನಕ್ಕೆ ಇಪ್ಪತ್ತೈದು ಚುಟ್ಟಾಗಳನ್ನು ಸೇದುತ್ತಿದ್ದನು. (ಈ ಒಂದು ವಿಷಯದಲ್ಲಿ ಆತನನ್ನು ನೀವು ಅನುಸರಿಸಬೇಕಾಗಿಲ್ಲ.) ಮಾತನಾಡುತ್ತ ಹುರುಪು ಬಂದರೆ ಅಂಗಿಯ ತೋಳಿನ ಅಂಚಿನ ಮೇಲೆಯೇ ಗ್ರಾಹಕಗಳ ಚಿತ್ರ ಬರೆಯುತ್ತಿದ್ದನು. ಸಹಾಯಕರಿಗೆ ಆಯಾ ದಿನದ ಕೆಲಸವನ್ನು ಬಣ್ಣಬಣ್ಣದ ಚೀಟಿಗಳಲ್ಲಿ ಬರೆದು ಕಳುಹುತ್ತಿದ್ದನು.

ಈ ಕಾಲದಲ್ಲಿಯೇ ಮೋರ್ಗನ್‌ರೋಟ್ ಎಂಬ ಸಹಾಯಕನೊಡನೆ ಆತನು ಆಡುಗಳ ಮೇಲೆ ಒಂದು ಪ್ರಯೋಗ ನಡೆಸಿದನು. ದೇಹದ ಒಳಗೇ ರಕ್ತಸ್ರಾವವಾಗಿ ಆ ರಕ್ತವು ದೇಹದಲ್ಲಿಯೇ ಇಂಗಿದರೆ, ಅದರ ವಿರುದ್ಧವೂ ದೇಹವು ಪ್ರತಿವಿಷವನ್ನು ಹುಟ್ಟಿಸಿ ತನ್ನನ್ನು ತಾನೇ ಕೊಂದುಕೊಳ್ಳುವುದೇ ಎಂಬುದು ಪ್ರಶ್ನೆ. ಒಂದು ಆಡಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿದರು. ಅದರ ರಕ್ತದಲ್ಲಿ ಹುಟ್ಟಿದ ವಸ್ತುವು ಇತರ ಆಡುಗಳ ಕೆಂಪು ರಕ್ತಕಣಗಳನ್ನು ಒಡೆಯಿತು. ತನ್ನ ಸ್ವಂತ ಕಣಗಳನ್ನು ಮಾತ್ರ ಒಡೆಯಲಿಲ್ಲ. ದೇಹಕ್ಕೆ ತನ್ನನ್ನೇ ವಿಷದಿಂದ ಕೊಲ್ಲುವುದರ ಬಗ್ಗೆ ಒಂದು ಬಗೆಯ ಭೀತಿಯಿದೆ ಎಂದು ಏರ್ಲಿಕನು ತರ್ಕಿಸಿ, ಅದಕ್ಕೆ ಹಾರರ್ ಆಟೊಟಾಕ್ಸಿಕಸ್ ಎಂಬ ಲ್ಯಾಟಿನ್ ಹೆಸರನ್ನಿತ್ತನು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಏಕೆಂದರೆ ಈ ಹೆಸರಿನಿಂದ ಮುಂದೆ ದೊಡ್ಡ ಅನರ್ಥವಾಯಿತು. ದೇಹವನ್ನು ತಡೆಯುವ ಏರ್ಪಾಡುಗಳು ಒಳಗೇ ಇವೆ, ಅವು ಕೆಟ್ಟರೆ ಅಪಾಯ ಬಂದೀತು ಎಂಬುದು ಏರ್ಲಿಕನ ಅಭಿಪ್ರಾಯ. ಆತನ ಹಿಂದೆ ಬಂದವರಲ್ಲಿ ಅನೇಕರು ಈ ಎಚ್ಚರಿಕೆಯನ್ನು ಬಿಟ್ಟು, ದೇಹವು ತನ್ನ ಮೇಲೆ ತಾನೇ ತಿರುಗಿಬೀಳುವುದು ಅಸಾಧ್ಯವೆಂಬುದನ್ನಷ್ಟೇ ಹಿಡಿದುಕೊಂಡರು. ಏರ್ಲಿಕ್ ಬದುಕಿರುವಾಗಲೇ, 1904ರಲ್ಲಿ, ಡೊನಾಟ್ ಮತ್ತು ಲಾಂಡ್‌ಸ್ಟೈನರ್ ಎಂಬ ಇಬ್ಬರು ವಿಯೆನ್ನಾ ವೈದ್ಯರು ಚಳಿ ತಾಗಿದೊಡನೆ ಮೂತ್ರ ಕೆಂಪಾಗುವ ರೋಗಿಗಳನ್ನು ಪರೀಕ್ಷಿಸಿ, ಅವರ ರಕ್ತದ ಪ್ರತಿಕಾಯವೇ ಅವರ ರಕ್ತಕಣಗಳನ್ನು ಒಡೆಯುತ್ತಿದೆಯೆಂದು ತೋರಿಸಿದ್ದರು. ಆದರೂ ಸುಮಾರು ಅರ್ಧ ಶತಮಾನದವರೆಗೆ ಈ ದಾರಿಯಲ್ಲಿ ನಡೆದವರು ವಿರಳ. ಅಷ್ಟು ಕಾಲ ಇಂತಹ ರೋಗಿಗಳು ಕಾರಣವೇ ತಿಳಿಯದೆ ನರಳಿದರು. ದೊಡ್ಡವರ ಒಂದು ಮಾತನ್ನು ಅರ್ಧ ಕೇಳಿಸಿಕೊಂಡುದರ ಬೆಲೆಯನ್ನು ಅವರು ತೆತ್ತರೆಂದು ನಮಗೆ ತೋರುತ್ತದೆ.

ಏರ್ಲಿಕನ ಉಳಿದ ಬಾಳನ್ನು ಬೇಗನೆ ಹೇಳಿಬಿಡಬಹುದು. ಅದೇ ಹೆಚ್ಚು ಪ್ರಸಿದ್ಧವಾದುದು. 1908ರಲ್ಲಿ ರಷ್ಯದ ಮೆಚ್ನಿಕಾಫನೊಡನೆ ನೊಬೆಲ್ ಬಹುಮಾನ ಬಂದಿತು. ಕ್ರಿಮಿಯನ್ನು ಮಾತ್ರ ಹಿಡಿದು ದೇಹವನ್ನು ಬಿಡುವ ಮಾಂತ್ರಿಕ ಗುಂಡಿನಂತಹ ಔಷಧವನ್ನು ಆತನು ಹುಡುಕುತ್ತಿದ್ದನು. ಪಾಷಾಣದಿಂದ ತಯಾರಾದ ನೂರಾರು ಸಂಯುಕ್ತಗಳನ್ನು ಪರೀಕ್ಷಿಸಿದ ಮೇಲೆ, 1909ರಲ್ಲಿ ಜಪಾನಿನ ಹಾಟಾ ಎಂಬ ಸಹಾಯಕನ ಕೈಯಲ್ಲಿ 606ನೆಯ ಅಂಕೆಯದು ಸಿಫಿಲಿಸ್ ರೋಗಕ್ಕೆ ಮದ್ದೆಂದು ಸಿದ್ಧವಾಯಿತು. ಅದೇ ಸಾಲ್ವರ್ಸಾನ್. ಕೀರ್ತಿಯೊಡನೆ ನಿಂದೆಯೂ ಬಂದಿತು. ದಣಿದ ದೇಹವು ಹೆಚ್ಚು ಕಾಲ ತಾಳಲಿಲ್ಲ. 1915ರ ಆಗಸ್ಟ್ 20ರಂದು ಬಾಡ್ ಹೊಂಬುರ್ಗಿನಲ್ಲಿ ಏರ್ಲಿಕ್ ಮರಣಹೊಂದಿದನು.

ಆಡುಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದ್ದಿತು. ಫ್ರಾಂಕ್‌ಫುರ್ಟಿನಲ್ಲಿಯೇ ಹುಟ್ಟಿ, ಏರ್ಲಿಕನ ಶಿಷ್ಯನಾದ ಹಾನ್ಸ್ ಸಾಕ್ಸನ ಬಳಿ ಪಳಗಿ, ನಾತ್ಸಿಗಳ ಕಾಲದಲ್ಲಿ ಜರ್ಮನಿಯನ್ನು ಬಿಟ್ಟು ಅಮೆರಿಕೆಗೆ ಹೋದ ವಿಟೆಬ್‌ಸ್ಕಿಯ ಪ್ರಯೋಗಶಾಲೆಯಲ್ಲಿ ಅದಕ್ಕೆ ಉತ್ತರ ಸಿಕ್ಕಿದುದು ವಿಚಿತ್ರವೇ. ಅಲ್ಲಿ ನೋಯೆಲ್ ರೋಸ್ ಎಂಬ ತರುಣನು ಮೊಲಗಳಿಗೆ ಥೈರಾಯಿಡ್ ಗ್ರಂಥಿಯ ಸಾರವನ್ನು ಚುಚ್ಚಿದಾಗ ಅವು ತಮ್ಮದೇ ಗ್ರಂಥಿಯ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿದವು, ಗ್ರಂಥಿಗಳು ಹಾಳಾದವು. ಈ ವರದಿ 1956ರಲ್ಲಿ ಅಚ್ಚಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಹಾಷಿಮೋಟೊ ರೋಗಿಗಳ ರಕ್ತದಲ್ಲಿಯೂ ಅಂತಹ ಪ್ರತಿಕಾಯಗಳು ಕಂಡುವು.

ಹಾಗಾದರೆ ತಿರುಗಿಬಿದ್ದ ದೇಹವನ್ನು ತಡೆಯುವುದು ಹೇಗೆ? ಇಲ್ಲಿ ಏರ್ಲಿಕನ ಗ್ರಾಹಕವೇ ನೆರವಿಗೆ ಬಂದಿತು. ಡೆಂಗಿ ಜ್ವರದ ದಿನಗಳಲ್ಲಿ ಪ್ಲೇಟ್‌ಲೆಟ್ ಎಂಬ ಮಾತನ್ನು ನೀವು ಮನೆಗಳಲ್ಲಿ ಕೇಳಿರುತ್ತೀರಿ. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳು ಒಂದು ಘನ ಮಿಲಿಮೀಟರು ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಐಟಿಪಿ ಎಂಬ ರೋಗದಲ್ಲಿ ಪ್ರತಿಕಾಯಗಳು ಇವುಗಳ ಮೇಲೆ ಅಂಟಿಕೊಳ್ಳುತ್ತವೆ. ಗುಲ್ಮದಲ್ಲಿರುವ ಭಕ್ಷಕ ಕೋಶಗಳಿಗೆ ಪ್ರತಿಕಾಯದ ಬಾಲವನ್ನು ಹಿಡಿಯುವ ಗ್ರಾಹಕಗಳಿವೆ. ಹಿಡಿದೊಡನೆ ನುಂಗು ಎಂಬ ಸಂಕೇತವು ಗ್ರಾಹಕದಿಂದ ಕೋಶದೊಳಕ್ಕೆ ಕೈಯಿಂದ ಕೈಗೆ ದಾಟುತ್ತದೆ, ಪ್ಲೇಟ್‌ಲೆಟ್ ನಾಶವಾಗುತ್ತದೆ. ಸಂಖ್ಯೆಯು ಕೆಲವೇ ಸಾವಿರಕ್ಕೆ ಇಳಿದು, ಕಾರಣವಿಲ್ಲದೆ ಮೈಮೇಲೆ ನೇರಳೆ ಕಲೆಗಳೇಳುತ್ತವೆ; ಮೂಗಿನಿಂದ, ವಸಡಿನಿಂದ ರಕ್ತ ಸೋರುತ್ತದೆ.

ಸಂಕೇತವನ್ನು ದಾಟಿಸುವ ಆ ಕೈಗಳಲ್ಲಿ ಒಂದರ ಹೆಸರು ಸಿಕ್, ಇನ್ನೊಂದರದು ಬಿಟಿಕೆ. ಬಿ ಕೋಶದ ಗ್ರಾಹಕದ ಹಿಂದೆಯೂ ಇವೇ ಕೆಲಸ ಮಾಡುತ್ತವೆ. ಗ್ರಾಹಕವನ್ನು ಮುಟ್ಟದೆ, ಅದರ ಹಿಂದಿನ ಈ ಕೈಯನ್ನು ಕಟ್ಟಿಹಾಕಿದರೆ ಸಂಕೇತವು ಅಲ್ಲಿಯೇ ನಿಲ್ಲುತ್ತದೆ. ಸಿಕ್ಕನ್ನು ತಡೆಯುವ ಫಾಸ್ಟಮಾಟಿನಿಬ್ ಎಂಬ ಗುಳಿಗೆಗೆ 2018ರಲ್ಲಿ, ಬಿಟಿಕೆಯನ್ನು ತಡೆಯುವ ರಿಲ್ಜಾಬ್ರುಟಿನಿಬ್ ಎಂಬುದಕ್ಕೆ 2025ರಲ್ಲಿ, ದೀರ್ಘಕಾಲದ ಐಟಿಪಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಒಪ್ಪಿಗೆಯಿತ್ತಿತು.

ಎಲ್ಲ ರೋಗಿಗಳಿಗೂ ಇವು ಫಲಿಸುವುದಿಲ್ಲ, ಅಪಾಯವಿಲ್ಲದವೂ ಅಲ್ಲ. ಬಿಟಿಕೆಯು ಹುಟ್ಟಿನಿಂದಲೇ ಕೆಟ್ಟಿರುವ ಹುಡುಗರುಂಟು. 1952ರಲ್ಲಿ ಬ್ರೂಟನ್ ಎಂಬ ಅಮೆರಿಕದ ವೈದ್ಯನು ಅಂತಹ ಎಂಟು ವರ್ಷದ ಬಾಲಕನೊಬ್ಬನನ್ನು ವರ್ಣಿಸಿದನು. ಅವನ ರಕ್ತದಲ್ಲಿ ಪ್ರತಿಕಾಯಗಳೇ ಇರಲಿಲ್ಲ. ಸೋಂಕುಗಳು ಮೇಲಿಂದ ಮೇಲೆ ಬಂದು ಕಾಡುತ್ತಿದ್ದವು. ಬಿಟಿಕೆಯ ಬಿ ಎಂಬುದು ಆ ವೈದ್ಯನ ಹೆಸರಿನದೇ. ಹಗೆಯನ್ನು ಕೊಲ್ಲುವ ಸಂಕೇತವೂ ನಮ್ಮನ್ನು ಕೊಲ್ಲುವ ಸಂಕೇತವೂ ಒಂದೇ ದಾರಿಯಲ್ಲಿ ಹೋಗುವುದರಿಂದ, ಎಷ್ಟು ತಡೆಯಬೇಕು, ಎಷ್ಟು ಬಿಡಬೇಕು ಎಂಬುದೇ ವೈದ್ಯರ ಕಷ್ಟ.

ಏರ್ಲಿಕನ ಸಂಸಾರಕ್ಕೆ ತನ್ನ ದೇಶದಲ್ಲಿ ನೆಲೆಯುಳಿಯಲಿಲ್ಲ. ಯೆಹೂದಿಯ ಹೆಸರೆಂದು ನಾತ್ಸಿಗಳು ಫ್ರಾಂಕ್‌ಫುರ್ಟಿನ ಏರ್ಲಿಕ್ ಬೀದಿಯ ಹೆಸರನ್ನು ಕಿತ್ತುಹಾಕಿದರು. ಹೆಡ್ವಿಗಳು ಸ್ವಿಟ್ಜರ್ಲೆಂಡಿಗೂ ಅಲ್ಲಿಂದ ಅಮೆರಿಕೆಗೂ ಹೋಗಿ, 1948ರಲ್ಲಿ ತೀರಿಕೊಂಡಳು. ಯುದ್ಧವು ಮುಗಿದ ಮೇಲೆ ಬೀದಿಗೆ ಹಳೆಯ ಹೆಸರು ಮರಳಿತು. ಆತನು ನಡೆಸಿದ ಸಂಸ್ಥೆಯು ಈಗ ಪಾಲ್ ಏರ್ಲಿಕ್ ಸಂಸ್ಥೆಯೆಂಬ ಹೆಸರಿನಿಂದ ಫ್ರಾಂಕ್‌ಫುರ್ಟಿಗೆ ಸಮೀಪದ ಲಾಂಗೆನ್ ಪಟ್ಟಣದಲ್ಲಿದೆ. ಜರ್ಮನಿಯಲ್ಲಿ ಬಳಸುವ ಲಸಿಕೆಗಳನ್ನೂ ಪ್ರತಿಕಾಯಗಳಿಂದ ತಯಾರಾದ ಔಷಧಗಳನ್ನೂ ಪರೀಕ್ಷಿಸುವುದು ಅದರ ಕೆಲಸ.